ಅದು ಹತ್ತಿಯ ಕೆಮ್ಮಲ್ಲ

ಹಾಸಿಗೆಯಣ್ಣನ ಮನೆಯಲ್ಲಿ ಕೆಮ್ಮಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ, ಅದರ ಪಕ್ಕ ಸೊಂಟದೆತ್ತರ ಹತ್ತಿಯ ರಾಶಿ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಯಂತ್ರ ತಿರುಗಿತೆಂದರೆ ಮನೆ ತುಂಬ ಎಳೆಗಳು ಹಾರಾಡುತ್ತಿದ್ದವು. ಹುಬ್ಬಿನ ಮೇಲೆ ಹತ್ತಿ, ಕುಡಿಯುವ ನೀರಿನ ಲೋಟದಲ್ಲಿ ಹತ್ತಿ. ಹಾಸಿಗೆಯಣ್ಣ ಕೆಮ್ಮುತ್ತಿದ್ದ, ಗವಸು ಹೊಲಿಯುವ ಅವನ ಹೆಂಡತಿ ಕೆಮ್ಮುತ್ತಿದ್ದಳು, ಅವನ ಅಮ್ಮನಂತೂ ಎರಡು ಸಲ ಕೆಮ್ಮದೆ ಮಾತೇ ಶುರು ಮಾಡುತ್ತಿರಲಿಲ್ಲ. ಕಣ್ಣು ಕೆಂಪಾದರೆ ತಣ್ಣೀರು ಎರಚಿಕೊಳ್ಳುವುದು, ಮೂಗು ಸೋರಿದರೆ ಒರೆಸಿಕೊಳ್ಳುವುದು. "ಹತ್ತಿ ಕೆಮ್ಮು" ಎಂದರೆ ಮುಗಿಯಿತು. ಬೇರೆ ಕಾಯಿಲೆ ಬರಬೇಕಾದರೆ ಇವರ ಅಪ್ಪಣೆ ಕೇಳಿಕೊಂಡೇ ಬರಬೇಕು ಎನ್ನುವ ಹಾಗಿತ್ತು ಆ ಮನೆಯವರ ಧೈರ್ಯ.

ಹದಿನಾಲ್ಕು ತಿಂಗಳ ಮಗಳಿಗೆ ಚೆಂದದ ಹೆಸರು ಒಂದಿತ್ತು. ಆದರೆ ಹತ್ತಿಯ ರಾಶಿಯಲ್ಲಿ ಹೊರಳಾಡಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಉಂಡೆ. ಮಂಗಳವಾರ ಉಂಡೆ ಕೆಮ್ಮಿದಳು. ಮೂಗು ಸೋರಿತು, ಕಣ್ಣು ಕೆಂಪಾಯಿತು. ಮೈ ಬಿಸಿಯಾಯಿತು.

"ಇವಳ್ಯಾಕೋ ಸುಡ್ತಾ ಇದ್ದಾಳೆ ರೀ," ಎಂದಳು ಹೆಂಡತಿ.

"ಹಲ್ಲು ಬರ್ತಿರಬೇಕು. ಕೆಮ್ಮು ಹತ್ತೀದು. ಎರಡು ದಿನ ಈ ಕಡೆ ಬಿಡಬೇಡ, ಸರಿಹೋಗ್ತಾಳೆ," ಎಂದ ಹಾಸಿಗೆಯಣ್ಣ, ದಬ್ಬಣಕ್ಕೆ ದಾರ ಪೋಣಿಸುತ್ತಾ.

ಹೆಂಡತಿಗೆ ಸಮಾಧಾನವಾಗಲಿಲ್ಲ. ಆದರೆ ಗಂಡನಿಗೆ ಮಗಳೆಂದರೆ ಪ್ರಾಣ ಎಂಬುದು ಅವಳಿಗೆ ಗೊತ್ತಿತ್ತು. ಆ ಪ್ರೀತಿಯೇ ಸ್ವಲ್ಪ ದಾರಿ ತಪ್ಪಿತ್ತು, ಅಷ್ಟೆ. ಉಂಡೆಗೆ ಮೂರೂವರೆ ತಿಂಗಳಾದಾಗ ಹಾಕಿಸಿದ ಚುಚ್ಚುಮದ್ದಿಗೆ ಒಂದು ದಿನ ಜ್ವರ ಬಂದು ತೊಡೆ ಊದಿತ್ತು. ಮಗಳು ಅತ್ತಾಗ ಅಪ್ಪನೂ ಅತ್ತಿದ್ದ. ಅವನು ಇದನ್ನು ಇವತ್ತಿಗೂ ಒಪ್ಪುವುದಿಲ್ಲ, ಕಣ್ಣಿಗೆ ಹತ್ತಿ ಬಿದ್ದಿತ್ತು ಎನ್ನುತ್ತಾನೆ. ಅಂದೇ ತೀರ್ಮಾನವಾಯಿತು: ಇನ್ನು ನನ್ನ ಮಗಳಿಗೆ ಸೂಜಿ ಸಾಕು.

ಒಂಬತ್ತು ತಿಂಗಳು ತುಂಬಿದಾಗ ನರ್ಸಕ್ಕ ಬಾಗಿಲಿಗೇ ಬಂದಿದ್ದರು. ಹೆಗಲಿಗೆ ನೀಲಿ ಡಬ್ಬಿ ತೂಗುಹಾಕಿಕೊಂಡು ಓಣಿ ಓಣಿ ಸುತ್ತುವ ಹೆಂಗಸು. ಯಾವ ಮನೆಯ ಮಗುವಿಗೆ ಎಷ್ಟು ತಿಂಗಳು ಎಂಬುದು ಹೆತ್ತವರಿಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತಿತ್ತು.

"ನಾಳೆ ದಡಾರದ ಚುಚ್ಚುಮದ್ದು ಇದೆ ಹಾಸಿಗೆಯಣ್ಣ. ಕರ್ಕೊಂಡು ಬನ್ನಿ."

"ಮುಂದಿನ ತಿಂಗಳು ನೋಡೋಣ ನರ್ಸಕ್ಕ. ಮಗೂಗೆ ನೆಗಡಿ."

"ಸಣ್ಣ ನೆಗಡಿ ಇದ್ರೂ ಹಾಕಬಹುದು."

"ಮುಂದಿನ ತಿಂಗಳು."

"ಗೇಣುದ್ದದ ದಬ್ಬಣ ಹಿಡ್ಕೊಂಡು ಬದುಕೋ ಮನುಷ್ಯ, ಇಷ್ಟು ಸಣ್ಣ ಸೂಜಿ ಕಂಡ್ರೆ ಭಯಾನಾ?" ಎಂದು ನರ್ಸಕ್ಕ ನಕ್ಕಿದ್ದರು. ಹಾಸಿಗೆಯಣ್ಣನೂ ನಕ್ಕ. ನಕ್ಕು ಐದು ತಿಂಗಳು ಕಳೆದ.

ಅಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಓಣಿಯ ಎದುರು ಮನೆಯಲ್ಲಿ ಅವನ ತಂಗಿ ಇದ್ದಳು. ಅಪ್ಪ ಸತ್ತ ಮೇಲೆ ಅವಳನ್ನು ಓದಿಸಿ, ಮದುವೆ ಮಾಡಿದವನು ಇವನೇ. ಮದುವೆಯಾಗಿ ಒಂಬತ್ತು ವರ್ಷ ಕಾದ ಮೇಲೆ ಅವಳಿಗೆ ಒಂದು ಗಂಡು ಕೂಸು ಹುಟ್ಟಿತ್ತು; ಈಗ ಏಳು ತಿಂಗಳು. ಆ ಕೂಸಿನ ತೊಟ್ಟಿಲಿಗೆ ಹಾಸಿಗೆ ಮಾಡುವಾಗ ಹಾಸಿಗೆಯಣ್ಣ ಹತ್ತಿಯನ್ನು ಮೂರು ಸಲ ಹಿಂಜಿದ್ದ. ತಂಗಿಗೆ ಬುದ್ಧಿಯನ್ನೂ ಹೇಳಿದ್ದ: "ದಡಾರದ ಸೂಜಿ ಗೀಜಿ ಅಂತ ಬರ್ತಾರೆ. ತಲೆ ಕೆಡಿಸ್ಕೋಬೇಡ. ಅದೇನು ದೊಡ್ಡ ಕಾಯಿಲೆ ಅಲ್ಲ."

"ನೀನು ಹೇಳಿದ ಮೇಲೆ ಆಯ್ತು ಬಿಡಣ್ಣ," ಎಂದಿದ್ದಳು ತಂಗಿ.

ಹತ್ತು ದಿನ ಗಂಡನ ಮನೆಯವರಲ್ಲಿಗೆ ಹೋಗಿದ್ದ ತಂಗಿ ಬುಧವಾರ ಸಂಜೆ ವಾಪಸ್ಸಾದಳು. ಮನೆಯ ಬೀಗ ತೆಗೆಯುವ ಮೊದಲೇ ಕೂಸನ್ನೆತ್ತಿಕೊಂಡು ಅಣ್ಣನ ಅಂಗಡಿಗೆ ಬಂದಳು. ಒಳಗಿನಿಂದ ತಪ್ಪಿಸಿಕೊಂಡು ಬಂದಿದ್ದ ಉಂಡೆ ಅಲ್ಲೇ ಅಪ್ಪನ ಕಾಲ ಬಳಿ ಕೆಮ್ಮುತ್ತಾ ಕೂತಿದ್ದಳು. ಅವಳನ್ನು ಅಜ್ಜಿ ಒಳಗೆ ಕರೆದೊಯ್ದ ಮೇಲೆ ಕೂಸನ್ನು ಹೊಸ ಹಾಸಿಗೆಯ ಮೇಲೆ ಮಲಗಿಸಿ ಅಣ್ಣ ತಂಗಿ ಒಂದು ಗಂಟೆ ಹರಟಿದರು. ಕೂಸು ಕೈಕಾಲು ಬಡಿಯುತ್ತಾ ಗಾಳಿಯಲ್ಲಿ ತೇಲುವ ಎಳೆಗಳನ್ನು ನೋಡಿ ನಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಉಂಡೆಯ ಮುಖ ತೊಳೆಸುವಾಗ ಹೆಂಡತಿ ಕಿರುಚಿದಳು. ಕಿವಿಯ ಹಿಂದೆ, ಹಣೆಯ ಮೇಲೆ, ಕೆನ್ನೆಯ ಮೇಲೆ ಕೆಂಪು ದದ್ದು. ಅವಳು ಗಂಡನನ್ನು ಕೇಳಲೂ ಇಲ್ಲ, ಓಣಿಯ ತುದಿಯವರೆಗೂ ಓಡಿ ನರ್ಸಕ್ಕನನ್ನು ಕರೆತಂದಳು.

ನರ್ಸಕ್ಕ ಮಗುವಿನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು. ಕೆನ್ನೆಯ ಒಳಬದಿಯಲ್ಲಿ ಉಪ್ಪಿನ ಕಣಗಳ ಹಾಗೆ ಸಣ್ಣ ಬಿಳಿ ಚುಕ್ಕೆಗಳು.

"ಯಾವತ್ತಿಂದ ಜ್ವರ?"

"ಮಂಗಳವಾರದಿಂದ. ಕೆಮ್ಮು ಹತ್ತೀದು ನರ್ಸಕ್ಕ," ಎಂದ ಹಾಸಿಗೆಯಣ್ಣ.

"ಹತ್ತಿಗೆ ಜ್ವರ ಬರುತ್ತಾ ಅಣ್ಣ?"

ಅವನು ಮಗಳ ಹಣೆ ಮುಟ್ಟಿ ನೋಡಿದ.

"ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು, ಆಮೇಲೆ ಮುಖದಿಂದ ಶುರುವಾಗಿ ಮೈಗೆ ಇಳಿಯೋ ದದ್ದು. ಇದು ದಡಾರದ ಹಾಗೇ ಕಾಣ್ತಿದೆ. ಡಾಕ್ಟರ್ ನೋಡ್ಲೇಬೇಕು."

ಬಾಗಿಲಲ್ಲಿ ನಿಂತಿದ್ದ ಅಮ್ಮ ಎರಡು ಸಲ ಕೆಮ್ಮಿದರು. "ದಡಾರ ತಾನೇ? ಮಕ್ಕಳು ಅಂದ ಮೇಲೆ ಬರೋದೇ. ನಮ್ಮ ಮನೇಲಿ ಎಲ್ಲರಿಗೂ ಬಂದಿತ್ತು. ದೊಡ್ಡೋರಾಗಲಿಲ್ವಾ ನಾವು?"

ನರ್ಸಕ್ಕ ಅದಕ್ಕೆ ವಾದ ಮಾಡಲಿಲ್ಲ. "ಈ ನಾಲ್ಕೈದು ದಿನದಲ್ಲಿ ಈ ಮನೆಗೆ ಚಿಕ್ಕ ಮಕ್ಕಳು ಯಾರಾದ್ರೂ ಬಂದಿದ್ರಾ?" ಎಂದು ಕೇಳಿದರು.

ಹಾಸಿಗೆಯಣ್ಣ ಎದುರು ಮನೆಯ ಕಡೆ ನೋಡಿದ. "ತಂಗಿ ಮಗು. ಮೊನ್ನೆ ಸಂಜೆ. ಆದ್ರೆ ಉಂಡೆ ಅದನ್ನ ಮುಟ್ಟೇ ಇಲ್ಲ ನರ್ಸಕ್ಕ. ಇವಳನ್ನ ಒಳಗೆ ಕರ್ಕೊಂಡು ಹೋದ ಮೇಲೇನೇ ಕೂಸನ್ನ ಮಲಗಿಸಿದ್ದು."

"ನೀವು ಯಂತ್ರ ನಿಲ್ಲಿಸಿದ ಮೇಲೆ ಹತ್ತಿ ಎಳೆ ಎಷ್ಟು ಹೊತ್ತು ಹಾರಾಡುತ್ತೆ?"

"ಅದು... ಗಂಟೆಗಟ್ಟಲೆ."

"ಇದೂ ಹಾಗೇನೇ. ಕೆಮ್ಮಿದಾಗ, ಸೀನಿದಾಗ ಹೊರಗೆ ಬಿದ್ದದ್ದು ಮುಚ್ಚಿದ ಕೋಣೇಲಿ ಎರಡು ಗಂಟೆವರೆಗೂ ಗಾಳೀಲಿ ಉಳಿಯುತ್ತೆ. ಮುಟ್ಟೋದೇ ಬೇಡ, ಆ ಗಾಳಿ ಉಸಿರಾಡಿದ್ರೆ ಸಾಕು. ದದ್ದು ಏಳೋಕೆ ನಾಲ್ಕು ದಿನ ಮೊದಲಿಂದ, ಎದ್ದ ಮೇಲೂ ನಾಲ್ಕು ದಿನ ಇದು ಹರಡುತ್ತೆ. ಚುಚ್ಚುಮದ್ದು ಆಗದ ಹತ್ತು ಜನ ಆ ಗಾಳೀಲಿದ್ರೆ ಒಂಬತ್ತು ಜನಕ್ಕೆ ಹತ್ತಿಕೊಳ್ಳುತ್ತೆ."

ತನ್ನ ಜೀವಮಾನವೆಲ್ಲ ಗಾಳಿಯಲ್ಲಿ ತೇಲುವುದನ್ನೇ ನೋಡಿಕೊಂಡು ಬಂದ ಮನುಷ್ಯ ಹಾಸಿಗೆಯಣ್ಣ. ಅವನಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಕೂಸು ಎಳೆಗಳನ್ನು ನೋಡಿ ನಕ್ಕಿದ್ದು ಕಣ್ಣಿಗೆ ಕಟ್ಟಿತು.

"ಈಗೇನು ಮಾಡೋದು ನರ್ಸಕ್ಕ?"

"ಗಾಳಿ ತಗುಲಿದ ಮೂರು ದಿನದೊಳಗೆ ಚುಚ್ಚುಮದ್ದು ಹಾಕಿದ್ರೆ ತಡೆಯೋ ಸಾಧ್ಯತೆ ಇದೆ. ಬಂದ್ರೂ ಇಷ್ಟು ಜೋರಾಗಿ ಬರದೆ ಇರಬಹುದು. ಮಾಮೂಲಿ ಒಂಬತ್ತು ತಿಂಗಳಿಗೆ ಹಾಕೋದು. ಆದ್ರೆ ಹೀಗೆ ಪಕ್ಕದಲ್ಲೇ ದಡಾರ ಬಂದಾಗ, ಆರು ತಿಂಗಳು ದಾಟಿದ ಮಗೂಗೆ ಡಾಕ್ಟರ್ ನೋಡಿ ಮುಂಚೆನೇ ಹಾಕ್ತಾರೆ. ಮೊನ್ನೆ ಅಂದ್ರೆ ಬುಧವಾರ ಸಂಜೆ. ನಾಳೆ ಸಂಜೆವರೆಗೂ ಟೈಮ್ ಇದೆ. ಇವತ್ತೇ ಆಗಿಬಿಟ್ರೆ ಒಳ್ಳೇದು."

ನರ್ಸಕ್ಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಉಂಡೆಯನ್ನು ಬೇರೆ ಮಕ್ಕಳು ಕೂರುವ ಕಡೆ ಕೂರಿಸದೆ ಹಿಂಬಾಗಿಲಿಂದ ಕರೆತರುತ್ತೇವೆ ಎಂದು ಮೊದಲೇ ತಿಳಿಸಿದರು. ಹೆಂಡತಿ ಮಗಳನ್ನು ಎತ್ತಿಕೊಂಡು ಅವರ ಜೊತೆ ಹೊರಟಳು. ಹಾಸಿಗೆಯಣ್ಣ ಓಣಿ ದಾಟಬೇಕಿತ್ತು. ಹತ್ತು ಹೆಜ್ಜೆಯ ಓಣಿ. ಅವನು ಹೊಸ್ತಿಲಲ್ಲೇ ನಿಂತ.

"ನನಗೂ ಚಿಕ್ಕಂದಿನಲ್ಲಿ ಬಂದಿತ್ತಂತೆ. ನಾನು ಹೋದ್ರೆ ಕೂಸಿಗೆ ಏನೂ ಆಗಲ್ವಾ?" ಎಂದು ಹಿಂದಿನಿಂದ ಕೂಗಿ ಕೇಳಿದ.

"ಒಂದ್ಸಲ ಬಂದೋರಿಗೆ ಸಾಮಾನ್ಯವಾಗಿ ಮತ್ತೆ ಬರಲ್ಲ, ನಿಮ್ಮಿಂದ ಹರಡಲ್ಲ. ಕೈ ತೊಳ್ಕೊಂಡು ಹೋಗಿ. ನೆಪ ಹುಡುಕಬೇಡಿ," ಎಂದರು ನರ್ಸಕ್ಕ.

ತಂಗಿ ಕೂಸಿಗೆ ಸ್ನಾನ ಮಾಡಿಸಿ ಒರೆಸುತ್ತಿದ್ದಳು. ಅಣ್ಣನ ಮುಖ ನೋಡಿಯೇ ಕೈ ನಿಲ್ಲಿಸಿದಳು. ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಹೇಳುವಾಗ ಒಮ್ಮೆಯೂ ಅವಳ ಕಣ್ಣು ನೋಡಲಿಲ್ಲ.

ತಂಗಿ ಕೂಸನ್ನು ಎದೆಗೊತ್ತಿಕೊಂಡಳು. ಆಮೇಲೆ ಕೇಳಿದಳು. "ಅದೇನು ದೊಡ್ಡ ಕಾಯಿಲೆ ಅಲ್ಲ ಅಂದಿದ್ದೆಯಲ್ಲಣ್ಣ?"

"ಅಂದಿದ್ದೆ."

"ಸೂಜಿ ಬೇಡ ಅಂದಿದ್ದೂ ನೀನೇ."

"ನಾನೇ. ನನಗೆ ಗೊತ್ತಿರಲಿಲ್ಲ ಕಣೇ. ಗೊತ್ತಿಲ್ಲ ಅನ್ನೋದು ಬಿಟ್ಟು ಗೊತ್ತಿರೋನ ಹಾಗೆ ಮಾತಾಡ್ದೆ. ಉಂಡೆಗೆ ಹಾಕಿಸಿದ್ರೆ ಇವತ್ತು ನಿನ್ನ ಮನೆ ಬಾಗಿಲಿಗೆ ಹೀಗೆ ಬರ್ತಿರಲಿಲ್ಲ."

"ಈಗ ಹಾಕಿಸಿ, ಇವನಿಗೆ ಏನಾದ್ರೂ ಆದ್ರೆ?"

"ಒಂದೆರಡು ದಿನ ಜ್ವರ ಬರಬಹುದಂತೆ. ಒಂದು ವಾರ ಬಿಟ್ಟೂ ಬರಬಹುದಂತೆ, ನಾಲ್ಕು ದದ್ದೂ ಏಳಬಹುದಂತೆ. ತಾನಾಗೇ ಹೋಗುತ್ತಂತೆ. ನರ್ಸಕ್ಕ ಹೇಳಿದ್ದನ್ನ ಹೇಳ್ತಿದ್ದೀನಿ, ನನ್ನ ಮಾತಲ್ಲ. ನನ್ನ ಮಾತು ನಂಬಬೇಡ. ಬಾ, ಡಾಕ್ಟರನ್ನ ನೀನೇ ಕೇಳು."

ಅಣ್ಣ ತನ್ನ ಮಾತು ನಂಬಬೇಡ ಎಂದದ್ದು ತಂಗಿಗೆ ಇದೇ ಮೊದಲು. ಕೂಸಿಗೆ ಅಂಗಿ ತೊಡಿಸಿದಳು. ಗುಂಡಿ ಎರಡು ಸಲ ತಪ್ಪು ತೂತಿಗೆ ಹೋಯಿತು. ಹಾಸಿಗೆಯಣ್ಣ ಕೈ ತೊಳೆದು ಬಂದು ಗುಂಡಿ ಹಾಕಿಕೊಟ್ಟ.

ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ತಂಗಿಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಕೂಸಿಗೆ ಚುಚ್ಚುಮದ್ದು ಬಿತ್ತು. "ಇದು ಹೆಚ್ಚಿನ ಡೋಸ್, ಲೆಕ್ಕಕ್ಕೆ ಬರಲ್ಲ. ಒಂಬತ್ತು ತಿಂಗಳಿಗೆ ಒಂದು, ಹದಿನಾರು ತಿಂಗಳು ತುಂಬಿದ ಮೇಲೆ ಇನ್ನೊಂದು, ಎರಡೂ ಹಾಕಿಸಲೇಬೇಕು," ಎಂದರು. ಮೂರು ವಾರ ಕೂಸಿನ ಮೇಲೆ ಕಣ್ಣಿಡಬೇಕು. ಅಲ್ಲಿಯವರೆಗೆ ಬೇರೆ ಮಕ್ಕಳಿರುವ ಕಡೆ ಕರೆದೊಯ್ಯಬಾರದು.

ಒಳಗಿನ ಕೋಣೆಯಲ್ಲಿ ಉಂಡೆಗೆ ವಿಟಮಿನ್ ‘ಎ’ ಹನಿ ಕುಡಿಸಿದ್ದರು, ನಾಳೆ ಇನ್ನೊಂದು ಸಲ ಎಂದಿದ್ದರು. ದಡಾರ ಮಗುವಿನ ಕಣ್ಣಿಗೂ ಏಟು ಕೊಡುತ್ತದೆ. ಆ ಹನಿ ಅದಕ್ಕೆ ರಕ್ಷಣೆ. ಎದೆಹಾಲು ನಿಲ್ಲಿಸಬಾರದು, ನೀರು, ಗಂಜಿ ಆಗಾಗ ಕುಡಿಸುತ್ತಿರಬೇಕು. ಉಸಿರು ಜೋರಾದರೆ, ಏನೂ ಕುಡಿಯದೆ ಹೋದರೆ, ಮಂಕಾಗಿ ಬಿದ್ದುಕೊಂಡರೆ, ಫಿಟ್ಸ್ ಬಂದರೆ ಒಂದು ಗಳಿಗೆಯೂ ಕಾಯಬಾರದು ಎಂದು ನರ್ಸಕ್ಕ ಹೆಂಡತಿಯಿಂದ ಎರಡು ಸಲ ಹೇಳಿಸಿದರು.

ಹೊರಗೆ ಬಂದ ಮೇಲೆ ತಂಗಿ ಅಣ್ಣನನ್ನು ನೋಡದೆ ಹೇಳಿದಳು. "ಮೂರು ವಾರ ನಮ್ಮ ಮನೆ ಕಡೆ ಬರಬೇಡ. ನಿನ್ನಿಂದ ಹರಡಲ್ಲ ಅಂತ ಗೊತ್ತು. ಆದ್ರೂ ಬರಬೇಡ."

ಅವನು ತಲೆಯಾಡಿಸಿದ. ಆ ಮಾತು ಅವನಿಗೆ ಸಲ್ಲಬೇಕಾದದ್ದೇ ಅನ್ನಿಸಿತು.

ಯಂತ್ರ ನಿಂತಿತು. ಉಂಡೆಯ ಮುಖದ ದದ್ದು ಎದೆಗೆ ಇಳಿಯಿತು, ಹೊಟ್ಟೆಗೆ ಇಳಿಯಿತು. ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹತ್ತಿಯ ರಾಶಿಯ ಕಡೆ ತಿರುಗಿಯೂ ನೋಡಲಿಲ್ಲ. ಹಾಸಿಗೆಯಣ್ಣ ಅವಳನ್ನು ಎದೆಗೊರಗಿಸಿಕೊಂಡು ಚಮಚದಲ್ಲಿ ನೀರು ಹನಿಸುತ್ತಾ ಕೂತಿರುತ್ತಿದ್ದ. "ಒಂದು ಗುಟುಕು, ನನ್ನ ರಾಣಿ. ಇನ್ನೊಂದೇ ಒಂದು." ಸೂಜಿಗೆ ಅತ್ತ ಮಗಳನ್ನು ನೋಡಲಾಗದವನು ಈಗ ಅಳಲೂ ಶಕ್ತಿಯಿಲ್ಲದ ಮಗಳನ್ನು ನೋಡಬೇಕಾಯಿತು. ಜೋರಾಗಿ ಒಂದು ಸಲ ಅತ್ತುಬಿಡಲಿ ಎಂದು ಹಂಬಲಿಸಿದ.

ಸೋಮವಾರ ಮಧ್ಯಾಹ್ನ ಅಮ್ಮ ಮೊಮ್ಮಗಳ ಪಕ್ಕ ಕೂತವರು ಇದ್ದಕ್ಕಿದ್ದಂತೆ ಅವಳ ಅಂಗಿ ಸರಿಸಿದರು. ಪಕ್ಕೆಲುಬುಗಳ ಕೆಳಗೆ ಚರ್ಮ ಒಳಕ್ಕೆ ಸೆಳೆದು ಸೆಳೆದು ಬಿಡುತ್ತಿತ್ತು.

"ಏಳೋ. ಆಸ್ಪತ್ರೆಗೆ ನಡಿ. ನನ್ನ ತಮ್ಮ ಹೀಗೇ ಉಸಿರು ಎಳೀತಿದ್ದ."

"ಯಾವ ತಮ್ಮ ಅಮ್ಮ?"

"ನಡಿ ಅಂದ್ನಲ್ಲ!"

ಆಟೋದಲ್ಲಿ ಅಮ್ಮ ಕೆಮ್ಮದೆ ಮಾತಾಡಿದರು. "ನಾವು ಆರು ಜನ ಇದ್ವಿ. ಆರು ಜನಕ್ಕೂ ದಡಾರ ಬಂತು. ದೊಡ್ಡೋರಾಗಿದ್ದು ನಾಲ್ಕೇ ಜನ. ತಂಗಿ ಒಬ್ಬಳು, ತಮ್ಮ ಒಬ್ಬ ಉಳೀಲಿಲ್ಲ. ಇಷ್ಟು ವರ್ಷ ನಾನು ಉಳಿದ ನಾಲ್ಕು ಜನದ ಮಾತೇ ಆಡ್ಕೊಂಡು ಬಂದೆ ನೋಡು." ಅವರು ಮೊಮ್ಮಗಳ ಪಾದ ಹಿಡಿದುಕೊಂಡಿದ್ದರು. ಹಾಸಿಗೆಯಣ್ಣನಿಗೆ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಅಷ್ಟು ಹಳೆಯ ದುಃಖವನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವನು ಅಮ್ಮನ ಹೆಗಲ ಮೇಲೆ ಕೈ ಇಟ್ಟ.

ನ್ಯುಮೋನಿಯಾ ಎಂದರು ಆಸ್ಪತ್ರೆಯವರು. ದಡಾರ ಮಗುವಿನ ಮೈಯಲ್ಲಿನ ಶಕ್ತಿಯನ್ನೇ ಕುಗ್ಗಿಸುವುದರಿಂದ ಹೀಗೆ ಬೇರೆ ಕಾಯಿಲೆಗಳು ನುಗ್ಗುತ್ತವೆ. ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು. ಉಂಡೆಯ ಪುಟ್ಟ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ಮೂರು ದಿನ ಹಾಸಿಗೆಯಣ್ಣ ಅವಳ ಎದೆ ಏರಿಳಿಯುವುದನ್ನು ನೋಡುತ್ತಾ ಕೂತ. ನಾಲ್ಕನೆಯ ದಿನ ಉಂಡೆ ಕಣ್ಣು ಬಿಟ್ಟು, ಕೊಳವೆಯನ್ನು ಕಿತ್ತು ಎಸೆದು, ಆಸ್ಪತ್ರೆ ಹಾರಿಹೋಗುವ ಹಾಗೆ ಕಿರುಚಿ ಅತ್ತಳು. ವಾರ್ಡಿನ ನರ್ಸು ಓಡಿ ಬಂದು ನೋಡಿದರೆ ಮಗು ಅಳುತ್ತಿದೆ, ಅಪ್ಪ ಅಳುತ್ತಾ ನಗುತ್ತಿದ್ದಾನೆ. ಕಣ್ಣಿಗೆ ಬಿದ್ದಿತ್ತು ಎನ್ನಲು ಅಲ್ಲಿ ಹಾರುವ ಹತ್ತಿಯೂ ಇರಲಿಲ್ಲ.

ಉಂಡೆ ಮನೆಗೆ ಬಂದಳು. ತೂಕ ಇಳಿದು ಅಂಗಿ ಸಡಿಲವಾಗಿತ್ತು, ಆದರೆ ಉಸಿರು ಸರಾಗವಾಗಿತ್ತು. ಇನ್ನು ಉಳಿದದ್ದು ಎದುರು ಮನೆಯ ಲೆಕ್ಕ. ಮರುದಿನ ಬೆಳಿಗ್ಗೆ ಹಾಸಿಗೆಯಣ್ಣ ಅಂಗಡಿಯ ಬಾಗಿಲು ತೆಗೆದಾಗ ಎದುರು ಮನೆಯ ಕಿಟಕಿಯಲ್ಲಿ ತಂಗಿ ನಿಂತಿದ್ದಳು. ಮಾತಿಲ್ಲ, ನಗುವಿಲ್ಲ. ಕೂಸನ್ನು ಎತ್ತಿ ಹಿಡಿದಳು. ಅಂಗಿ ಮೇಲೆತ್ತಿ ಹೊಟ್ಟೆ ತೋರಿಸಿದಳು. ತಿರುಗಿಸಿ ಬೆನ್ನು ತೋರಿಸಿದಳು. ದದ್ದಿಲ್ಲ. ಕಿಟಕಿ ಮುಚ್ಚಿದಳು.

ಅಲ್ಲಿಂದ ಮುಂದೆ ದಿನವೂ ಹಾಗೆಯೇ. ಒಂದು ಬೆಳಿಗ್ಗೆ ಕಿಟಕಿ ತೆರೆಯಲಿಲ್ಲ. ಹಾಸಿಗೆಯಣ್ಣ ಕಿಟಕಿಯನ್ನೇ ನೋಡುತ್ತಾ ದಬ್ಬಣವನ್ನು ಬೆರಳಿಗೆ ಚುಚ್ಚಿಕೊಂಡ. ಓಣಿ ದಾಟಲು ಹೊರಟು, ಕೊಟ್ಟ ಮಾತು ನೆನೆದು ನಿಂತ. ಅರ್ಧ ಗಂಟೆಯಾದ ಮೇಲೆ ಕಿಟಕಿ ತೆರೆಯಿತು. ತಂಗಿಯ ತಲೆ ಕೆದರಿತ್ತು, ಕೂಸು ಆಕಳಿಸುತ್ತಿತ್ತು. ಇಬ್ಬರೂ ನಿದ್ದೆ ಹೋಗಿದ್ದರು, ಅಷ್ಟೆ.

ಮೂರು ವಾರ ಕಳೆಯಿತು. ನರ್ಸಕ್ಕ ಬಂದು ಕೂಸನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇನ್ನು ಭಯ ಇಲ್ಲ," ಎಂದು ಹೇಳಿ ಹೋದರು. ಅಂದು ಕಿಟಕಿ ತೆರೆಯಲಿಲ್ಲ, ಬಾಗಿಲು ತೆರೆಯಿತು. ತಂಗಿ ಓಣಿ ದಾಟಿ ಅಂಗಡಿಯೊಳಗೆ ಬಂದಳು. ಗವಸಿಗೆ ಹತ್ತಿ ತುಂಬುತ್ತಿದ್ದ ಅಣ್ಣನ ತೊಡೆಯ ಮೇಲೆ ಕೂಸನ್ನು ಇಟ್ಟಳು.

"ಹಿಡ್ಕೋ. ಎತ್ತಿ ಎತ್ತಿ ತೋರ್ಸಿ ನನಗೆ ಕೈ ನೋವು ಬಂದಿದೆ."

ಹಾಸಿಗೆಯಣ್ಣ ಕೈಗಂಟಿದ್ದ ಹತ್ತಿ ಒರೆಸಿಕೊಂಡು ಕೂಸನ್ನು ತಬ್ಬಿಕೊಂಡ. ಕೂಸು ಅವನ ಮೂಗು ಹಿಡಿದು ಎಳೆಯಿತು.

ಕೂಸಿಗೆ ಒಂಬತ್ತು ತಿಂಗಳಾದ ದಿನ ಅಣ್ಣ ತಂಗಿ ಇಬ್ಬರೂ ಮಕ್ಕಳನ್ನೆತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದರು. ದಡಾರ ಬಂದುಹೋದ ಉಂಡೆಗೂ ಚುಚ್ಚುಮದ್ದು ಹಾಕಿದರು, ಅದು ರುಬೆಲ್ಲಾ ಎಂಬ ಇನ್ನೊಂದು ಕಾಯಿಲೆಯನ್ನೂ ತಡೆಯುತ್ತದೆ. ಈಗ ಹಾಸಿಗೆಯಣ್ಣನ ಅಂಗಡಿಗೆ ಯಾರಾದರೂ ತೊಟ್ಟಿಲ ಹಾಸಿಗೆಗೆ ಅಳತೆ ಕೊಡಲು ಬಂದರೆ ಅವನು ಅಳತೆ ಬರೆದುಕೊಳ್ಳುವ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ ಎನ್ನುತ್ತಾನೆ.

ಅದೇ ಪ್ರಶ್ನೆಯನ್ನು ಈಗ ನಿಮಗೆ ಕೇಳುತ್ತಿದ್ದೇವೆ. ನಿಮ್ಮ ಮನೆಯ ಮಗುವಿಗೆ ಎಷ್ಟು ತಿಂಗಳು? ಒಂಬತ್ತು ತುಂಬಿದ್ದರೆ ದಡಾರದ ಮೊದಲ ಡೋಸ್ ಆಗಿದೆಯೇ? ಹದಿನಾರು ದಾಟಿದ್ದರೆ ಎರಡನೆಯದು? ತಪ್ಪಿಹೋಗಿದ್ದರೆ ನಾಚಿಕೆ ಬೇಡ, ತಡವಾದರೂ ಹಾಕುತ್ತಾರೆ. ಜ್ವರದ ಜೊತೆ ದದ್ದು ಕಂಡರೆ ಕಾಯಬೇಡಿ, ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ, ಮಗುವನ್ನು ಬೇರೆ ಮಕ್ಕಳಿಂದ ದೂರ ಇಡಿ. ಹಾಕಿಸಿಕೊಳ್ಳುವ ವಯಸ್ಸೇ ಆಗದ ಕೂಸೊಂದು ನಿಮ್ಮ ಎದುರು ಮನೆಯಲ್ಲೂ ಇರಬಹುದು. ನಿಮ್ಮ ಮಗುವಿನ ಚುಚ್ಚುಮದ್ದು ಅದನ್ನೂ ಕಾಯುತ್ತದೆ.

ತಂಗಿಯ ಕೂಸನ್ನು ಕಾಯಲು ಹಾಸಿಗೆಯಣ್ಣನಿಗೆ ಒಂದು ದಿನ ಬಾಕಿ ಉಳಿದಿತ್ತು. ಎಲ್ಲರಿಗೂ ಉಳಿಯುವುದಿಲ್ಲ. ಈ ಹಾಳೆಯನ್ನು ಕೆಳಗಿಡಿ, ಲಸಿಕೆ ಕಾರ್ಡ್ ತೆಗೆದು ನೋಡಿ.